ತುಂಬೆ ಬೀಜದ ಕಥೆ

ರಾಗಿ ಕುಯ್ದು ಮೆದೆ ಒಟ್ಟಿದ್ದಾಯ್ತು. ಒಂದು ವಾರ ಕೈ ಸ್ವಲ್ಪ ಬಿಡುವಾಗಿದೆ, ಅದಕ್ಕೆ ಬರೀತಿದೀನಿ. ಹೋದ ತಿಂಗಳು ದಕ್ಷಿಣದ ಬದುವಿನ ಫೋಟೋ ಹಾಕಿದಾಗ ಏಳೆಂಟು ಜನ ಫೋನ್ ಮಾಡಿ ಕೇಳಿದ್ರಿ, "ಅದೇನು ಅಷ್ಟು ಬೆಳ್ಳಗೆ ಬಿಟ್ಟಿದ್ದೀಯಾ, ಸೇವಂತಿಗೆನಾ?" ಅಂತ. ಸೇವಂತಿಗೆ ಅಲ್ಲ, ತುಂಬೆ. ನಾವೆಲ್ಲ ಚಿಕ್ಕೋರಿದ್ದಾಗ ಹೂವು ಕಿತ್ತು ಹಿಂಬದಿ ಚೀಪಿ ಸಿಹಿ ನೋಡ್ತಿದ್ವಲ್ಲ, ಅದೇ ತುಂಬೆ. ಅನ್ನ ಚೆನ್ನಾಗಾದ್ರೆ "ತುಂಬೆ ಹೂ ಇದ್ದಂಗೈತೆ" ಅಂತೀವಲ್ಲ, ಅದೇ. ನಮ್ಮ ತಿಪಟೂರು ಸೀಮೇಲಿ ಅದನ್ನ ಗುರುತು ಹಿಡಿಯೋಕೆ ಫೋನ್ ಮಾಡಿ ಕೇಳೋ ಹಂಗಾಯ್ತಲ್ಲ ಅಂತ ನನಗೆ ನಗು ಬರಲಿಲ್ಲ. ಯಾಕೆ ಅಂದ್ರೆ ಅದು ಹೋಗಿದ್ದರಲ್ಲಿ ನನ್ನ ಪಾಲೂ ಇದೆ.

ನಿಮ್ಮಲ್ಲಿ ಸುಮಾರು ಜನರ ಬದುವಿಗೆ, ತೆಂಗಿನ ತೋಟಕ್ಕೆ ಕಳೆ ಔಷಧಿ ಹೊಡೆದಿರೋದು ನಾನೇ. 2014ರಲ್ಲಿ ಪೆಟ್ರೋಲ್ ಸ್ಪ್ರೇಯರ್ ತಗೊಂಡೆ. ಕೂಲಿ ಆಳು ಸಿಗ್ತಿರಲಿಲ್ಲ, ಸಿಕ್ಕಿದ್ರೂ ಒಂದು ಎಕರೆ ಕಳೆ ತೆಗೆಸೋ ದುಡ್ಡಲ್ಲಿ ನಾಲ್ಕು ಎಕರೆ ಔಷಧಿ ಆಗ್ತಿತ್ತು. ಮೊದಲು ನನ್ನ ತೋಟ, ಆಮೇಲೆ ಪಕ್ಕದವರದು, ಆಮೇಲೆ ಕ್ಯಾನಿಗೆ ಇಷ್ಟು ಅಂತ ಊರೆಲ್ಲ. ಹೊಡೆದ ಹತ್ತು ದಿನಕ್ಕೆ ನೆಲ ಗುಡಿಸಿದ ಅಂಗಳದ ಹಂಗೆ ಕಾಣೋದು. ಎಲ್ಲರೂ ಹೊಗಳೋರು. ನನಗೂ ಹೆಮ್ಮೆ. ಆ ದುಡ್ಡಲ್ಲೇ ಮಗಳ ಪಿಯುಸಿ ಫೀಸು ಕಟ್ಟಿದ್ದು, ಅದನ್ನ ಮುಚ್ಚಿಡಲ್ಲ.

2021ರ ಕಾರ್ತೀಕದಲ್ಲಿ ಒಂದು ಸೋಮವಾರ ಅಮ್ಮ "ಮಗಾ, ಒಂದು ಬೊಗಸೆ ತುಂಬೆ ಹೂ ತಂದ್ಕೊಡು, ಈಶ್ವರಂಗೆ ಹಾಕ್ಬೇಕು" ಅಂದ್ಲು. ಮೊದಲೆಲ್ಲ ಅವಳೇ ಹೋಗಿ ತರೋಳು. ಆ ವರ್ಷ ಕಣ್ಣು ಮಂಜಾಗಿ ಬದುವಿನ ಮೇಲೆ ನಡೆಯೋಕೆ ಹೆದರ್ತಿದ್ಲು. ನಾನು ತಟ್ಟೆ ಹಿಡ್ಕೊಂಡು ಹೊರಟೆ. ನಮ್ಮ ನಾಲ್ಕೂವರೆ ಎಕರೆಲಿ ಒಂದು ಗಿಡ ಇಲ್ಲ. ಪಕ್ಕದ ಹೊಲದಲ್ಲಿ ಇಲ್ಲ. ಕೆರೆ ಏರಿ ಮೇಲೆ ಕಾಂಗ್ರೆಸ್ ಗಿಡ ಸೊಂಟದುದ್ದ ಇದೆ, ಲಾಂಟಾನ ಇದೆ, ತುಂಬೆ ಇಲ್ಲ. ಒಂದು ಗಂಟೆ ಸುತ್ತಿದೆ. ಕೊನೆಗೆ ಸಿಕ್ಕಿದ್ದು ಊರಾಚೆ ಸ್ಮಶಾನದ ಮೂಲೇಲಿ. ಅಲ್ಲಿಗೆ ಯಾರೂ ನನ್ನನ್ನ ಔಷಧಿ ಹೊಡೆಯೋಕೆ ಕರೆದಿರಲಿಲ್ಲ, ಅಷ್ಟೇ ಕಾರಣ.

ಸ್ಮಶಾನದ ಹೂವನ್ನ ಪೂಜೆಗೆ ತಂದುಕೊಡೋಕಾಗುತ್ತಾ? ಖಾಲಿ ತಟ್ಟೆ ತಂದು "ಎಲ್ಲೂ ಸಿಗಲಿಲ್ಲ ಕಣಮ್ಮ" ಅಂದೆ. ಅವಳು ಬೈಯಲಿಲ್ಲ. "ಹೊಲದ ತುಂಬ ಇರ್ತಿತ್ತಲ್ಲೋ, ಎಲ್ಲೋಯ್ತು?" ಅಂತ ಕೇಳಿದ್ಲು. ನಿಜವಾಗ್ಲೂ ಗೊತ್ತಿಲ್ಲದೆ ಕೇಳಿದ್ದು. ನಾನು ಸುಮ್ಮನೆ ಕೈಕಾಲು ತೊಳೆಯೋಕೆ ಬಚ್ಚಲಿಗೆ ಹೋದೆ.

ಅದೇ ವರ್ಷ ಇನ್ನೊಂದು ಆಗಿತ್ತು. ಇಪ್ಪತ್ತು ಗುಂಟೆಗೆ ಸಿಹಿಗುಂಬಳ ಹಾಕಿದ್ದೆ. ಬಳ್ಳಿ ಚೆನ್ನಾಗಿ ಹಬ್ಬಿತ್ತು, ಹೂವೂ ತುಂಬ ಬಂತು. ಆದ್ರೆ ಕಾಯಿ ಗೋಲಿ ಗಾತ್ರ ಆಗೋದು, ಹಳದಿ ತಿರುಗೋದು, ಉದುರೋದು. ನಿಂತ ಕಾಯೂ ಒಂದು ಕಡೆ ಊದಿ ಒಂದು ಕಡೆ ಸೊಟ್ಟ. ಗೊಬ್ಬರ ಕಡಿಮೆ ಅಂದ್ರು, ಹಾಕಿದೆ. ಬೋರಾನ್ ಹೊಡಿ ಅಂದ್ರು, ಹೊಡೆದೆ. ಕೊನೆಗೆ ಬೆಳಗ್ಗೆ ಆರು ಗಂಟೆಗೆ ಹೋಗಿ ಹೊಲದಲ್ಲಿ ಸುಮ್ಮನೆ ಕೂತೆ. ಕುಂಬಳದ ಹೂವು ನಿಮಗೆ ಗೊತ್ತಲ್ಲ, ಬೆಳಗಿನ ಜಾವ ಬಿಚ್ಚುತ್ತೆ, ಬಿಸಿಲು ಏರೋ ಹೊತ್ತಿಗೆ ಮುಚ್ಚಿಕೊಳ್ಳುತ್ತೆ. ಹೆಣ್ಣು ಹೂವಿಗೆ ಇರೋದು ಅದೊಂದೇ ಬೆಳಗ್ಗೆ. ಎಂಟೂವರೆ ತನಕ ಕೂತಿದ್ದೆ. ಎರಡು ತುಡುವೆ ಜೇನು, ಒಂದು ಕಪ್ಪು ದುಂಬಿ ಬಂದು ಹೋದವು. ಇಪ್ಪತ್ತು ಗುಂಟೆಗೆ ಮೂರು ಹುಳ!

ಮಾರನೇ ದಿನದಿಂದ ನಾನು, ನಮ್ಮನೆಯವಳು ಗಂಡು ಹೂವು ಕಿತ್ತು ಎಸಳು ಸುಲಿದು ಹೆಣ್ಣು ಹೂವಿಗೆ ಸವರೋಕೆ ಶುರು ಮಾಡಿದ್ವಿ. ಸೊಂಟ ಬಿದ್ದೋಗೋದು. ನಾಲ್ಕನೇ ದಿನ ಅವಳು "ಆಳು ಮಾಡೋ ಕೆಲ್ಸ ಆಯ್ತು, ಎತ್ತು ಮಾಡೋ ಕೆಲ್ಸ ಆಯ್ತು, ಈಗ ಹುಳ ಮಾಡೋ ಕೆಲ್ಸಕ್ಕೂ ನನ್ನೇ ಹಚ್ಚಿದ್ರಾ" ಅಂದ್ಲು. ಅದು ತಮಾಷೆಗೆ ಅಂದಿದ್ದು. ಆದ್ರೆ ನನಗೆ ನಮ್ಮಪ್ಪನ ಜೇನು ಪೆಟ್ಟಿಗೆ ನೆನಪಾಯ್ತು. ಮನೆ ಹಿಂದೆ ನಾಲ್ಕು ಪೆಟ್ಟಿಗೆ ಇದ್ದವು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನೋ ವೈರಸ್ ರೋಗ ದಕ್ಷಿಣ ಭಾರತದಲ್ಲೆಲ್ಲ ತುಡುವೆಗೆ ಬಂತಲ್ಲ, ಆಗ ನಾಲ್ಕೂ ಖಾಲಿಯಾದವು. ಮರಿಗಳು ನೀರು ತುಂಬಿದ ಚೀಲದ ಹಂಗಾಗಿ ಸತ್ತಿದ್ವು. ಅಪ್ಪ ಆಮೇಲೆ ಪೆಟ್ಟಿಗೇಲಿ ಮೊಳೆ, ಸುತ್ತಿಗೆ ಇಟ್ಕೊಂಡ. ಆದ್ರೂ ಹೊಲದಲ್ಲಿ ಕಾಡು ತುಡುವೆ, ಕೋಲು ಜೇನು, ನಸರಿ ಇದ್ದೇ ಇದ್ವು. ಅವು ರೋಗ ದಾಟಿಕೊಂಡು ವಾಪಸ್ ಬಂದಿದ್ವು. ನನ್ನ ಸ್ಪ್ರೇಯರ್ ದಾಟೋದು ಹೆಂಗೆ? ಔಷಧಿ ನೇರವಾಗಿ ಅವುಗಳ ಮೇಲೆ ಬೀಳದಿದ್ರೂ, ಕುಂಬಳ ಹೂ ಬಿಡೋದು ಒಂದೂವರೆ ತಿಂಗಳು, ಅವರೆ ಒಂದು ತಿಂಗಳು. ತೆಂಗಿನ ಹೊಂಬಾಳೆ ವರ್ಷವೆಲ್ಲ ಇರುತ್ತೆ ನಿಜ, ಬರೀ ಅದೊಂದನ್ನೇ ನಂಬಿ ಎಲ್ಲ ಹುಳನೂ ಬದುಕಲ್ಲ. ಮೊದಲು ನಡುವಿನ ದಿನಕ್ಕೆ ಬದುವಿನ ಹೂವು ಇತ್ತು, ಅಕ್ಕಡಿ ಸಾಲಿನ ಹುಚ್ಚೆಳ್ಳು ಇತ್ತು. ನಾವು ಅಕ್ಕಡೀನೂ ಬಿಟ್ವಿ, ಬದೂನೂ ಸುಟ್ವಿ.

ಹಂಗಾಗಿ ಸ್ಮಶಾನದ ತುಂಬೆ ಪೂಜೆಗೆ ಬರದಿದ್ರೂ ಬೀಜಕ್ಕೆ ಬರುತ್ತೆ ಅಂತ ತೀರ್ಮಾನ ಮಾಡಿದೆ.

ಇಲ್ಲಿಂದ ಮುಂದೆ ನಾನು ಮಾಡಿದ ತಪ್ಪುಗಳದೇ ಪಟ್ಟಿ. ಮಾಡೋರಿಗೆ ಉಪಯೋಗ ಆಗ್ಲಿ ಅಂತ ಹೇಳ್ತಿದೀನಿ.

ಮೊದಲ ತಪ್ಪು, ಗಿಡ ಪೂರ್ತಿ ಒಣಗಲಿ ಅಂತ ಕಾದೆ. ರಾಗಿ, ಅವರೆ ಹಂಗೇ ಅಲ್ವಾ ನಾವು ಮಾಡೋದು. ಸಂಕ್ರಾಂತಿ ಆದ್ಮೇಲೆ ಹೋದೆ. ಗಿಡ ಒಣಗಿ ಕಡ್ಡಿಯಾಗಿತ್ತು, ಗಂಟುಗಳೂ ಹಂಗೇ ಇದ್ವು, ಕಿತ್ತು ಬಟ್ಟೆ ಮೇಲೆ ಬಡಿದ್ರೆ ಬರೀ ಹೊಟ್ಟು. ಕೂತು ನೋಡಿದ ಮೇಲೆ ಅರ್ಥ ಆಯ್ತು. ತುಂಬೆಲಿ ಹೂವು ಕಾಂಡದ ಸುತ್ತ ಚೆಂಡು ಕಟ್ಟಿದ ಹಂಗೆ ಬರುತ್ತೆ, ಒಂದರ ಮೇಲೊಂದು ಚೆಂಡು. ಬಿಳಿ ಎಸಳು ಉದುರಿದ ಮೇಲೆ ಹಸಿರು ಬಟ್ಟಲು ಉಳಿಯುತ್ತೆ. ಆ ಬಟ್ಟಲಿನ ತಳದಲ್ಲಿ ನಾಲ್ಕು ಬೀಜ, ನಾಲ್ಕಕ್ಕಿಂತ ಹೆಚ್ಚಿಲ್ಲ, ತುಳಸಿಗೂ ಹಂಗೇ, ಎರಡೂ ಒಂದೇ ಕುಟುಂಬ. ಮಾಗಿದ ಮೇಲೆ ಬಟ್ಟಲು ಬಾಯಿ ಬಿಟ್ಕೊಂಡು ನಿಂತಿರುತ್ತೆ, ಮುಚ್ಚಳ ಇಲ್ಲ. ಗಾಳಿಗೆ ಕಡ್ಡಿ ಅಲ್ಲಾಡಿದ್ರೆ ಸಾಕು, ಬೀಜ ಆಚೆಗೆ. ಕೆಳಗಿನ ಚೆಂಡು ಬೀಜ ಚೆಲ್ತಿರೋವಾಗ ಮೇಲಿನ ಚೆಂಡು ಇನ್ನೂ ಹೂ ಬಿಡ್ತಿರುತ್ತೆ. ಎಲ್ಲ ಒಟ್ಟಿಗೆ ಮಾಗಲಿ ಅಂತ ಕಾಯೋನಿಗೆ ಏನೂ ಸಿಗಲ್ಲ. ಅವತ್ತು ನನಗೆ ಸಿಕ್ಕಿದ್ದು ಎರಡು ಚಮಚ. ಎಳ್ಳಿನಷ್ಟು ಉದ್ದ, ಎಳ್ಳಿಗಿಂತ ಸಪೂರ, ಕಂದು ಬಣ್ಣ.

ಎರಡನೇದು, ಆತುರ. ಅದರಲ್ಲಿ ಅರ್ಧ ಅವತ್ತೇ ತೊಟ್ಟಿಗೆ ಹಾಕಿ ನೀರು ಕೊಟ್ಟೆ. ಒಂದು ತಿಂಗಳಾದ್ರೂ ಹುಟ್ಟಿದ್ದು ಬೆರಳೆಣಿಕೆ. ಹೊಸ ಬೀಜಕ್ಕೆ ಮಲಗೋ ಕಾಲ ಬೇಕು, ಮುಂಗಾರು ತನಕ ಸುಮ್ಮನೆ ಇಟ್ಟ ಬೀಜ ಇದಕ್ಕಿಂತ ಎಷ್ಟೋ ಚೆನ್ನಾಗಿ ಎದ್ದಿತು. ಮೂರನೇದು, ಉಳಿದ ಅರ್ಧವನ್ನ 2022ರ ಮೇ ಮಳೆಗೆ ಬದುವಿನ ಪಕ್ಕ ಚೆಲ್ಲಿ, ಅಭ್ಯಾಸ ಬಲ, ಒಂದು ಸಲ ಕುಂಟೆ ಎಳೆದುಬಿಟ್ಟೆ. ಮಣ್ಣೊಳಗೆ ಹೋದದ್ದು ಏಳಲಿಲ್ಲ. ಅಂಚಿನಲ್ಲಿ ಮೇಲ್ಮೇಲೆ ಬಿದ್ದವು ಮಾತ್ರ ಮೂವತ್ತು ಮೂವತ್ತೈದು ಗಿಡ ಆದವು. ಈಗ ನಾನು ಮಾಡೋದು ಇಷ್ಟೇ: ಸನಿಕೆಲಿ ಮೇಲಿನ ಹುಲ್ಲು ಕೆರೆದು, ಬೀಜಕ್ಕೆ ಹತ್ತು ಪಾಲು ಒಣ ಮರಳು ಬೆರೆಸಿ, ಮೊದಲನೇ ಒಳ್ಳೆ ಮಳೆ ಬಿದ್ದ ಮಾರನೇ ದಿನ ಚೆಲ್ಲಿ, ಕಾಲಲ್ಲಿ ತುಳ್ಕೊಂಡು ಹೋಗೋದು. ಮುಚ್ಚಲ್ಲ.

ಆ ಮೂವತ್ತು ಗಿಡ ಭಾದ್ರಪದದಲ್ಲಿ ಹೂ ಬಿಟ್ಟಾಗ ನೋಡಬೇಕಿತ್ತು. ನಾನು ಅಷ್ಟು ವರ್ಷ ಬದುವಿನ ಮೇಲೆ ಓಡಾಡಿದೀನಿ, ಹುಳ ಹೂವಲ್ಲಿ ಏನು ಮಾಡುತ್ತೆ ಅಂತ ಬಗ್ಗಿ ನೋಡಿರಲಿಲ್ಲ. ತುಂಬೆಗೆ ಎರಡು ತುಟಿ. ಕೆಳಗಿನ ತುಟಿ ಅಗಲ, ಜೇನು ಬಂದು ಕೂರೋಕೆ ಹಾಕಿದ ಜಗಲಿ ಹಂಗೆ. ಮೇಲಿನ ತುಟಿ ಬಿಳಿ ಕೂದಲಿನ ಟೋಪಿ, ಅದರೊಳಗೆ ಪರಾಗ. ಜೇನು ತಲೆ ತೂರಿಸಿ ತಳದ ಸಿಹಿ ಹೀರೋವಾಗ ಟೋಪಿ ಬೆನ್ನಿಗೆ, ತಲೆಗೆ ಉಜ್ಜುತ್ತೆ. ಅದೇ ಬೆನ್ನಲ್ಲಿ ಮುಂದಿನ ಹೂವಿಗೆ. ಬೆಳಗ್ಗೆ ತುಡುವೆ, ಕೋಲು ಜೇನು, ಬಿಸಿಲೇರಿದ ಮೇಲೆ ಸಣ್ಣ ನೀಲಿ ಚಿಟ್ಟೆಗಳು. ಇನ್ನೊಂದು ಬರುತ್ತೆ, ಹೊಟ್ಟೆ ಮೇಲೆ ನೀಲಿ ಪಟ್ಟೆ ಇರೋ ದುಂಬಿ, ಒಂದು ಕಡೆ ನಿಲ್ಲೋದೇ ಇಲ್ಲ, ಗುಂಯ್ ಅಂತ ಬಂದು ಗುಂಯ್ ಅಂತ ಹೋಗುತ್ತೆ. ಇದು ಗೂಡು ಕಟ್ಟಿ ಸಂಸಾರ ಮಾಡೋ ಜೇನಲ್ಲ, ಒಂಟಿ. ಹಳೇ ಮಣ್ಣು ಗೋಡೆ, ಬದುವಿನ ಗೊಡ್ಡು ಮಣ್ಣಲ್ಲಿ ತೂತು ಮಾಡಿ ಮೊಟ್ಟೆ ಇಡುತ್ತೆ. ಬದನೆ, ಟೊಮೇಟೊ ಹಾಕೋರು ಇದನ್ನ ಗುರುತಿಟ್ಕೊಳ್ಳಿ. ಆ ಹೂವುಗಳಲ್ಲಿ ಪರಾಗ ಸಣ್ಣ ಕೊಳವೆಯೊಳಗೆ ಇರುತ್ತೆ, ಹೂವು ಹಿಡ್ಕೊಂಡು ಗುಂಯ್‌ಗುಟ್ಟಿ ಅಲ್ಲಾಡಿಸಿದ್ರೇ ಉದುರೋದು. ಆ ಕೆಲಸ ಇದಕ್ಕೆ ಬರುತ್ತೆ, ತುಡುವೆಗೆ ಬರಲ್ಲ.

ಒಂದು ಸಂಜೆ ಮೋಟರ್ ಆಫ್ ಮಾಡಿ ಬರೋವಾಗ ಒಣಗಿದ ತುಂಬೆ ಕಡ್ಡಿ ಮೇಲೆ ಐದಾರು ನೀಲಿಪಟ್ಟೆ ಸಾಲಾಗಿ ಅಂಟ್ಕೊಂಡಿದ್ವು. ಸತ್ತಿವೆ ಅಂದ್ಕೊಂಡೆ. ಮುಟ್ಟಿದ್ರೆ ಕಾಲು ಆಡಿಸ್ತು. ಗಂಡು ದುಂಬಿಗಳು ರಾತ್ರಿ ಮಲಗೋದೇ ಹಂಗಂತೆ, ದವಡೇಲಿ ಕಡ್ಡಿ ಕಚ್ಕೊಂಡು. ಅವತ್ತಿಂದ ಒಣಗಿದ ಗಿಡ ಎಲ್ಲ ಕೀಳಲ್ಲ, ಅಲ್ಲಲ್ಲಿ ಬಿಡ್ತೀನಿ.

2022ರ ಕೊನೆಗೆ ಅರ್ಧ ಲೋಟ ಬೀಜ ಆಯ್ತು. ಅರಸೀಕೆರೆ ಕಡೆ ಇರೋ ಅಕ್ಕ ಸಂಕ್ರಾಂತಿಗೆ ಬಂದವಳು "ನನಗೂ ಒಂದು ಮುಷ್ಟಿ ಕೊಡೋ, ದೇವರ ಹೂವಿಗೆ ಆಗುತ್ತೆ" ಅಂತ ಸೀರೆ ಸೆರಗಲ್ಲಿ ಗಂಟು ಹಾಕ್ಕೊಂಡು ಹೋದ್ಲು. ನಿಜ ಹೇಳ್ಬೇಕಂದ್ರೆ ಕೊಡೋಕೆ ನನಗೆ ಮನಸ್ಸಿರಲಿಲ್ಲ.

ಅದೇ ಹೊತ್ತಿಗೆ ಸ್ಪ್ರೇಯರ್ ಮಾರಿದೆ. ತಗೊಂಡಿದ್ದು ನಮ್ಮ ಚಿಕ್ಕಪ್ಪನ ಮಗ. ಅವನ ಹೊಲ ನಮ್ಮ ಹೊಲಕ್ಕೆ ಅಂಟ್ಕೊಂಡೇ ಇದೆ, ಮಧ್ಯೆ ಒಂದೇ ಬದು. ಎಷ್ಟು ನೀರಿಗೆ ಎಷ್ಟು ಔಷಧಿ, ನಾಝಲ್ ಹೆಂಗೆ ಹಿಡೀಬೇಕು, ಗಾಳಿ ಯಾವ ಕಡೆ ಇರ್ಬೇಕು, ಎಲ್ಲ ನಾನೇ ಹೇಳಿಕೊಟ್ಟೆ.

2023 ನಿಮಗೆಲ್ಲ ನೆನಪಿದೆ. ರಾಜ್ಯದ 236 ತಾಲ್ಲೂಕಲ್ಲಿ 223 ಬರ ಅಂತ ಘೋಷಣೆ ಆದ ವರ್ಷ. ನಾನು ಆ ಅರ್ಧ ಲೋಟ ಬೀಜ ಅಷ್ಟನ್ನೂ ಆ ಒಂದು ಬದುವಿಗೇ ಚೆಲ್ಲಿದ್ದೆ, ಒಂದು ಚಿಟಿಕೆ ಇಟ್ಕೊಳ್ಳಲಿಲ್ಲ. ರಾಗಿ ಬೀಜ ಎಲ್ಲಾನೂ ಒಂದೇ ಸಲ ಬಿತ್ತಿ ಮಡಕೆ ತೊಳೆದಿಡೋ ರೈತ ಇದ್ದಾನಾ? ನಾನು ಅದನ್ನೇ ಮಾಡಿದ್ದೆ. ಮಳೆ ಕೈಕೊಟ್ಟಿತು, ಗಿಡ ಒಂದು ಗೇಣೂ ಆಗಲಿಲ್ಲ, ಆದ್ರೂ ತುಂಬೆ ಹಠಮಾರಿ, ಇಷ್ಟಿಷ್ಟೇ ಎತ್ತರದಲ್ಲಿ ಹೂ ಬಿಡ್ತು. ಬಿಟ್ಟು ಹದಿನೈದು ದಿನ ಆಗಿರಬಹುದು, ಬೀಜ ಕಟ್ಟಿರಲಿಲ್ಲ. ಒಂದು ಬೆಳಗ್ಗೆ ಹೋಗಿ ನೋಡಿದ್ರೆ ಬದು ಪೂರ್ತಿ ಹಳದಿ ತಿರುಗ್ತಾ ಇದೆ. ಆ ಹಳದಿ ನನಗೆ ಗೊತ್ತು. ಅದು ನೀರಿಲ್ಲದ ಹಳದಿ ಅಲ್ಲ.

ಮನೆಗೆ ಹೋಗಿ ಕೂಗಾಡಿದೆ. ಅವನು ಗಾಬರಿಯಾಗಿ ನಿಂತಿದ್ದ. "ನೀನೇ ಹೇಳ್ಕೊಟ್ಟಿದ್ದಲ್ಲ ಅಣ್ಣ, ಬದ ಎರಡೂ ಕಡೆ ಕ್ಲೀನಾಗಿ ಹೊಡೀಬೇಕು, ಇಲ್ಲಾಂದ್ರೆ ಕಳೆ ಒಳೀಕೆ ಬತ್ತದೆ ಅಂತ. ನಿಂಗೂ ಸೇರ್ಸೇ ಹೊಡೆದೆ, ದುಡ್ಡೂ ಕೇಳ್ಲಿಲ್ಲ" ಅಂದ. ಉಪಕಾರ ಮಾಡಿದೀನಿ ಅಂದ್ಕೊಂಡಿದ್ದ. ಅದು ಕಳೆ ಅಲ್ಲ, ನಾನು ಬಿತ್ತಿದ್ದು ಅಂತ ಅವನಿಗೆ ನಾನು ಹೇಳಿರಲೇ ಇಲ್ಲ. ಹೇಳೋಕೆ ನಾಚಿಕೆ ಆಗಿತ್ತು. ಊರಿಗೆಲ್ಲ ಔಷಧಿ ಹೊಡೆದೋನು ಈಗ ಬದುವಿಗೆ ತುಂಬೆ ಬಿತ್ತುತಾನೆ ಅಂತ ನಗ್ತಾರೆ ಅಂತ. ನಾಲ್ಕು ತಿಂಗಳು ನಾವಿಬ್ಬರೂ ಮಾತಾಡಲಿಲ್ಲ. ಅವನೂ ಇದನ್ನ ಓದ್ತಾನೆ, ಅದಕ್ಕೆ ಇಲ್ಲೇ ಹೇಳ್ತಿದೀನಿ, ಅವತ್ತು ಕೂಗಾಡಿದ್ದು ತಪ್ಪು.

ಸ್ಮಶಾನಕ್ಕೆ ಮತ್ತೆ ಹೋದೆ. ಬರಕ್ಕೆ ಅಲ್ಲೂ ಏನೂ ಇರಲಿಲ್ಲ, ಜೊತೆಗೆ ಕಾಂಪೌಂಡ್ ಕೆಲಸಕ್ಕೆ ಜೆಸಿಬಿ ಬಂದು ಆ ಮೂಲೇನ ಕೆರೆದಿತ್ತು. ಸರಿ, ಮುಗೀತು ಅಂದ್ಕೊಂಡೆ.

ಶಿವರಾತ್ರಿಗೆ ಅಕ್ಕನ ಮನೆಗೆ ಹೋದಾಗ ಹಿತ್ತಲಲ್ಲಿ, ಬಚ್ಚಲ ನೀರು ಹೋಗೋ ಕಡೆ, ಒಂದು ಮಂಚದಷ್ಟು ಜಾಗದಲ್ಲಿ ತುಂಬೆ ಮೊಣಕಾಲುದ್ದ ನಿಂತಿತ್ತು. ಬೇರೆ ಕಡೆ ಬರ, ಅವಳ ಪಾತ್ರೆ ತೊಳೆದ ನೀರಲ್ಲಿ ಅದು ಬದುಕಿತ್ತು. ಹಾರ್ಲಿಕ್ಸ್ ಬಾಟಲಿನಲ್ಲಿ ಕಾಲು ಭಾಗ ಬೀಜಾನೂ ಎತ್ತಿಟ್ಟಿದ್ಲು, ಬೂದಿ ಬೆರೆಸಿ. ನಾನು ಕೇಳೋಕೆ ಮುಂಚೆನೇ "ಎಲ್ಲಾ ತಗೊಂಡು ಹೋಗ್ಬೇಡ, ಅರ್ಧ ತಗೋ" ಅಂದ್ಲು. ಕೊಡೋಕೆ ಮನಸ್ಸಿಲ್ಲದೆ ಕೊಟ್ಟ ಆ ಒಂದು ಮುಷ್ಟಿ ಬಿಟ್ರೆ ಇವತ್ತು ನನ್ನ ಹತ್ರ ಏನೂ ಇರ್ತಿರಲಿಲ್ಲ.

2024ರ ಮಳೆ ಒಳ್ಳೇದಾಯ್ತು. ಈ ಸಲ ಮೂರು ಪಾಲು ಮಾಡಿದೆ. ಒಂದು ಪಾಲು ದಕ್ಷಿಣದ ಬದುವಿಗೆ, ಒಂದು ಪಾಲು ಬಾವಿ ಹತ್ರದ ಕಲ್ಲು ರಾಶಿ ಸುತ್ತ, ಒಂದು ಪಾಲು ಬಾಟಲಿಲಿ. ಮೊದಲು ಚಿಕ್ಕಪ್ಪನ ಮಗನ ಹತ್ರ ಹೋಗಿ ಹೇಳಿದೆ. ಅವನಿಗೆ ಇದೇನೂ ಅಷ್ಟು ಒಪ್ಪಿಗೆ ಆಗಿಲ್ಲ. "ಉದುರಿ ನನ್ನ ಹೊಲದೊಳಗೆ ಹುಟ್ಟಿದ್ರೆ?" ಅಂದ. ಅವನ ಪ್ರಶ್ನೆ ಸರಿಯಾಗೇ ಇದೆ, ತುಂಬೆ ರಾಗಿ ಹೊಲದಲ್ಲಿ ಹುಟ್ಟಿದ್ರೆ ಕಳೇನೇ. ಅವನ ಕಡೆಗಿರೋ ಗಿಡಗಳನ್ನ ಬೀಜ ಉದುರೋಕೆ ಮುಂಚೆ ನಾನೇ ಕುಯ್ತೀನಿ, ಹೊಲದೊಳಗೆ ಎದ್ದಿದ್ದನ್ನ ನಾನೇ ಬಂದು ಕೀಳ್ತೀನಿ ಅಂತ ಮಾತು ಕೊಟ್ಟೆ. ಎರಡು ವರ್ಷದಿಂದ ಕೀಳ್ತಾನೂ ಇದೀನಿ. ಚಿಕ್ಕದರಲ್ಲಿ ಬೇರು ಸಡಿಲ, ಎರಡು ಬೆರಳಲ್ಲಿ ಬರುತ್ತೆ. ಕಾಂಗ್ರೆಸ್ ಗಿಡದ ಹಂಗೆ ಮೈ ಕೆರೆಯಲ್ಲ. ಅವನ ತೋಟಕ್ಕೆ ಈಗಲೂ ಔಷಧಿ ಹೊಡೀತಾನೆ, ಬದುವಿಗೆ ಮೂರು ಮಾರು ದೂರ ಇರೋವಾಗ ನಾಝಲ್ ಕೆಳಗೆ ಮಾಡ್ತಾನೆ.

ಬೀಜ ಕುಯ್ಯೋದು ಈಗ ಹಿಂಗೆ. ಕೆಳಗಿನ ಎರಡು ಮೂರು ಚೆಂಡು ಹುಲ್ಲಿನ ಬಣ್ಣಕ್ಕೆ ತಿರುಗಿ, ಮೇಲೆ ಇನ್ನೂ ಹೂವು ಇರೋವಾಗಲೇ, ಬೆಳಗ್ಗೆ ಇಬ್ಬನಿ ಆರೋದರೊಳಗೆ ಕುಯ್ಬೇಕು. ಇಬ್ಬನಿಗೆ ಬಟ್ಟಲು ಮೆತ್ತಗಿರುತ್ತೆ, ಉದುರಲ್ಲ. ಹತ್ತು ಗಂಟೆ ಬಿಸಿಲಲ್ಲಿ ಕುಯ್ದ್ರೆ ಅರ್ಧ ನೆಲದ ಪಾಲು. ಕುಡುಗೋಲಲ್ಲಿ ಜಗ್ಗಬೇಡಿ, ಒಂದು ಕೈಲಿ ಗಿಡ ಹಿಡಿದು ಕತ್ತರಿಲಿ ಕತ್ತರಿಸಿ, ತಲೆಕೆಳಗು ಮಾಡಿ ನೇರ ಹಳೇ ಪಂಚೆಗೆ. ಗೋಣಿಚೀಲ ಬೇಡ, ಸಂದೀಲಿ ಬೀಜ ಹೊರಟೋಗುತ್ತೆ. ನೆರಳಲ್ಲಿ ಒಂದು ವಾರ. ಇರುವೆ ಕಾಟ ಇದೆ, ನಾನು ಮಂಚದ ಮೇಲೆ ಹಾಕಿ ಕಾಲುಗಳನ್ನ ನೀರಿನ ಬಟ್ಟಲಲ್ಲಿ ಇಡ್ತೀನಿ. ಆಮೇಲೆ ಮೆಲ್ಲಗೆ ಕೋಲಲ್ಲಿ ತಟ್ಟಿ, ವಂದರಿ ಹಿಡಿದು, ಮೊರದಲ್ಲಿ ಕೇರಿ. ಒಣಗಿದ ಚೆಂಡು ಕೈಗೆ ಚುಚ್ಚುತ್ತೆ, ಉಜ್ಜೋಕೆ ಹೋಗಬೇಡಿ. ಮೇಲಿನ ಅರ್ಧ ಗಿಡ ಹಾಳಾಯ್ತಲ್ಲ ಅನ್ನಿಸುತ್ತೆ, ಅದಕ್ಕೇ ನಾನು ಎಲ್ಲಾ ಗಿಡ ಕುಯ್ಯಲ್ಲ. ಮೂರರಲ್ಲಿ ಒಂದು ನಮಗೆ, ಉಳಿದದ್ದು ಅಲ್ಲೇ ಉದುರಲಿ, ದುಂಬಿ ಮಲಗಲಿ.

ಕುಂಬಳದ ಕಥೆ ಏನಾಯ್ತು ಅಂತ ಕೇಳ್ತೀರಾ. ಈ ವರ್ಷ ಮತ್ತೆ ಅದೇ ಇಪ್ಪತ್ತು ಗುಂಟೆಗೆ ಹಾಕಿದ್ದೆ, ಒಂದು ಹೂವಿಗೂ ಕೈ ಹಚ್ಚಲಿಲ್ಲ. ಕಾಯಿ ನಿಂತಿವೆ, ಗುಂಡಗೂ ಇವೆ. ತುಂಬೆಯಿಂದಲೇ ಆಯ್ತು ಅಂತ ನಾನು ಹೇಳಲ್ಲ. ಮಳೆ ಚೆನ್ನಾಗಿತ್ತು, ನಾನು ಔಷಧಿ ನಿಲ್ಲಿಸಿ ಮೂರು ವರ್ಷ ಆಗಿದೆ, ಅಕ್ಕಡಿಗೆ ಹುಚ್ಚೆಳ್ಳೂ ಮತ್ತೆ ಹಾಕಿದೀನಿ. ಬೆಳಗ್ಗೆ ಆರಕ್ಕೆ ಕೂತು ಎಣಿಸೋಕೆ ಹೋದೆ, ಎಣಿಕೆ ತಪ್ಪಿತು. ನಮ್ಮನೆಯವಳು ಮಾತ್ರ "ಈ ಸಲ ನನಗೆ ರಜಾ" ಅಂತ ಪಕ್ಕದ ಮನೆಯವರ ಹತ್ರ ಹೇಳ್ಕೊಂಡು ಬಂದಿದಾಳೆ.

ಅಮ್ಮನಿಗೆ ಈಗ ಕಣ್ಣು ಪೂರ್ತಿ ಕಾಣಲ್ಲ. ದೀಪಾವಳಿ ದಿನ ಸಗಣಿ ಬೆನಕಪ್ಪನಿಗೆ ಸಿಕ್ಕಿಸೋಕೆ ತಟ್ಟೆ ತುಂಬ ತುಂಬೆ ಹೂ ತಂದು ಮುಂದೆ ಇಟ್ಟೆ. ಕೈಯಾಡಿಸಿ ನೋಡಿ, ಒಂದು ಹೂ ತಗೊಂಡು ಹಿಂಬದಿ ಚೀಪಿದ್ಲು. "ದೇವ್ರಿಗೆ ಅಂತ ತಂದಿದ್ದು ಎಂಜಲು ಮಾಡಿದ್ಯಲ್ಲಮ್ಮ" ಅಂದೆ. "ಒಂದ್ ತಾನೆ, ಸುಮ್ನಿರು" ಅಂದ್ಲು.

ಈಗ ಬೀಜದ ವಿಷಯ. ಒಂದು ಪಾವಿನಷ್ಟು ಕೇರಿ ಇಟ್ಟಿದೀನಿ, ದಕ್ಷಿಣದ ಬದುವಿನಲ್ಲಿ ಇನ್ನೊಂದು ಕುಯ್ಲು ಇದೆ. ಬೇಕಾದೋರು ಒಂದು ಮುಷ್ಟಿಗಿಂತ ಹೆಚ್ಚು ಕೇಳಬೇಡಿ, ದುಡ್ಡು ಬೇಡ. ಪ್ಲಾಸ್ಟಿಕ್ ಕವರ್ ತರಬೇಡಿ, ಪೇಪರ್ ಪೊಟ್ಟಣ ಇಲ್ಲಾ ಬಟ್ಟೆ ತನ್ನಿ. ಮನೆಗೆ ಹೋಗಿ ಅದರಲ್ಲಿ ಅರ್ಧ ಮಾತ್ರ ಚೆಲ್ಲಿ. ಪಕ್ಕದ ಹೊಲದವರಿಗೆ ಮೊದಲೇ ಹೇಳಿ. ಬರೋ ಸೋಮವಾರ ಬೆಳಗ್ಗೆ ಕುಯ್ತೀನಿ, ನೋಡಬೇಕು ಅನ್ನೋರು ಏಳು ಗಂಟೆ ಒಳಗೆ ಬಂದ್ಬಿಡಿ. ಬಿಸಿಲು ಬಿದ್ದ ಮೇಲೆ ಬಂದ್ರೆ ಕಾಫಿ ಸಿಗುತ್ತೆ, ಕುಯ್ಲು ನೋಡೋಕೆ ಸಿಗಲ್ಲ.